ಶೇಕಡ 5ರ ಸುಂಕವೂ ನಮ್ಮ ತೊಗರಿಯೂ

ಹೈದರಾಬಾದ್ ಸಂಸ್ಥಾನವೆಂದೊಡನೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ 1798ರ ಸಹಾಯಕ ಸೈನ್ಯ ಒಪ್ಪಂದ ನೆನಪಾದೀತು. ಪರೀಕ್ಷೆಗೆ ಬರುತ್ತಿದ್ದುದೂ ಅದೇ. ಅದಾದ ನಾಲ್ಕು ವರ್ಷಗಳಿಗೆ, 1802ರ ಏಪ್ರಿಲ್‌ನಲ್ಲಿ, ನಿಜಾಮರಿಗೂ ಈಸ್ಟ್ ಇಂಡಿಯಾ ಕಂಪನಿಗೂ ಆದ ವಾಣಿಜ್ಯ ಒಪ್ಪಂದದ ಬಗ್ಗೆ ನಾವು ಹೆಚ್ಚು ಓದಲಿಲ್ಲ. ಜನಸಾಮಾನ್ಯರ ದುಡಿಮೆಯನ್ನು ತಟ್ಟಿದ್ದು ಮಾತ್ರ ಈ ಎರಡನೆಯದು.

ಅದರ ಸಾರವಿಷ್ಟೆ: ಉಭಯ ರಾಜ್ಯಗಳ ಸರಕು ಅಡೆತಡೆಯಿಲ್ಲದೆ ಸಾಗಬೇಕು, ದಾರಿಸುಂಕಗಳು ಹೋಗಬೇಕು, ಕಂಪನಿಯ ಸೀಮೆಯಿಂದ ಬಂದ ಸರಕಿಗೆ ಒಮ್ಮೆ ಮಾತ್ರ ಶೇಕಡ 5ರ ಸುಂಕ. ಷರತ್ತು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಸಹಿ ಹಾಕಿದ ಇಬ್ಬರ ಬಲ ಸಮವಾಗಿರಲಿಲ್ಲ.

ಬಹುಕಾಲ ನಮ್ಮ ನೇಕಾರರನ್ನು ಕಾಪಾಡಿದ್ದು ಸುಂಕವಲ್ಲ, ಕೆಟ್ಟ ರಸ್ತೆ. ಎತ್ತಿನ ಬಂಡಿಯ ಬಾಡಿಗೆಯೇ ಪರದೇಶದ ಬಟ್ಟೆಯನ್ನು ತುಟ್ಟಿ ಮಾಡುತ್ತಿತ್ತು. 1871ರಲ್ಲಿ ಸೊಲ್ಲಾಪುರದಿಂದ ಕಲಬುರಗಿಯ ಮೂಲಕ ರಾಯಚೂರಿಗೆ ರೈಲುಮಾರ್ಗ ಪೂರ್ಣಗೊಂಡಾಗ ಆ ತಡೆ ಕಳಚಿತು. ಮೊದಲು ಸೋತದ್ದು ಮನೆಯಲ್ಲಿ ನೂಲುವ ಹೆಣ್ಣುಮಕ್ಕಳ ಕಸುಬು. ಸುಂಕವೇರಿಸಿ ಅವರಿಗೆ ಆಸರೆ ನೀಡಲು ಒಪ್ಪಂದ ಅಡ್ಡಿಯಾಗಿತ್ತು. ಅದೇ ರೈಲಿನ ನೆರವಿನಿಂದ, ನಮ್ಮದೇ ಹತ್ತಿಯನ್ನು ನಂಬಿ, ಆ ಶತಮಾನದ ಕೊನೆಯ ಭಾಗದಲ್ಲಿ ಕಲಬುರಗಿಗೆ ಮೆಹಬೂಬ್ ಶಾಹಿ ಮಿಲ್ಲೂ ಬಂದಿತೆಂಬುದನ್ನು ಮರೆಯಬಾರದು. ಗೆದ್ದವರು ಬೇರೆ, ಸೋತವರು ಬೇರೆ.

ಈಗ ಕಮಲಾಪುರದ ಕಡೆ ನೋಡೋಣ. ಅಲ್ಲಿಯ ಕೆಂಪು ಬಾಳೆಗೆ ಹಡಗಿನಲ್ಲಿ ಬರುವ ಪೈಪೋಟಿಯಿಲ್ಲ. ಪಕ್ಕದ ಹೊಲದ ತೊಗರಿಗಿದೆ. 2015ರಲ್ಲಿ ಬೇಳೆ ಕಿಲೋಗೆ ಸುಮಾರು 200 ರೂಪಾಯಿಗೇರಿತು. 2016ರ ಜುಲೈಯಲ್ಲಿ ಭಾರತವು ಮೊಜಾಂಬಿಕ್‌ನೊಡನೆ ಒಡಂಬಡಿಕೆ ಮಾಡಿಕೊಂಡು, ವರ್ಷಕ್ಕೆ 1 ಲಕ್ಷ ಟನ್‌ನಿಂದ ಆರಂಭಿಸಿ 2 ಲಕ್ಷ ಟನ್‌ವರೆಗೆ ತೊಗರಿ ತರಿಸಲು ಒಪ್ಪಿತು. ಆ ವರ್ಷವೇ ನಮ್ಮಲ್ಲೂ ಭರ್ಜರಿ ಬೆಳೆ ಬಂತು. ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ ಇದ್ದರೂ ಪೇಟೆಯ ದರ ಅದಕ್ಕಿಂತ ಕೆಳಗಿಳಿಯಿತು. ರಾಶಿ ಮುಗಿದು ತಿಂಗಳುಗಳಾದ ಮೇಲೆ, 2017ರ ಆಗಸ್ಟ್‌ನಲ್ಲಿ, ಆಮದಿಗೆ ಮಿತಿ ಬಿತ್ತು. 2021ರ ಮೇ ತಿಂಗಳಲ್ಲಿ ಆ ಮಿತಿಯೂ ತೆರವಾಯಿತು. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ದೊರೆತ ಭೌಗೋಳಿಕ ಸೂಚಿಕೆ ಹೆಸರನ್ನು ಕಾಯುತ್ತದೆ, ದರವನ್ನಲ್ಲ.

ಬೇಳೆ ಕೊಳ್ಳುವ ಬಡವನಿಗೂ ಹೊಟ್ಟೆಯಿದೆ; ಆಮದೇ ಬೇಡವೆನ್ನಲಾಗದು. ಆದರೆ ನಿಜಾಮರ ಕೈ ಕಟ್ಟಿತ್ತು, ದೆಹಲಿಯ ಕೈ ಕಟ್ಟಿಲ್ಲ. ಬಾಗಿಲು ತೆರೆಯುವ, ಮುಚ್ಚುವ ತೀರ್ಮಾನ ಜೂನ್‌ನ ಬಿತ್ತನೆಗೆ ಮುಂಚೆ ರೈತನಿಗೆ ತಿಳಿದರೆ, ಏನು ಬಿತ್ತಬೇಕೆಂದು ಅವನೇ ನಿರ್ಧರಿಸಬಲ್ಲನು.