ಸೂರ್ಯನ ಪ್ರಭಾವಲಯವೂ ವ್ಯೋಮನೌಕೆಯ ಪಥನಿರ್ಣಯವೂ

1980ನೆಯ ಇಸವಿ ಫೆಬ್ರವರಿ 16ರ ಅಪರಾಹ್ನ ಚಂದ್ರನ ನೆರಳು ಅರಬ್ಬೀ ಸಮುದ್ರವನ್ನು ದಾಟಿ ಕಾರವಾರ-ಅಂಕೋಲೆಗಳ ತೀರದಲ್ಲಿ ಭಾರತದ ನೆಲವನ್ನು ಮುಟ್ಟಿತು. ಕಾಳೀನದಿ ಕಡಲನ್ನು ಸೇರುವ ಕೋಡಿಬಾಗವೂ ಪೂರ್ಣಗ್ರಹಣದ ಪಥದಲ್ಲಿಯೇ ಇದ್ದಿತು. ಕರ್ನಾಟಕದ ಒಳನಾಡಿನಲ್ಲಿ ಬಿಡಾರ ಹೂಡಿದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಸೂರ್ಯನ ಸುತ್ತಣ ಬೆಳ್ಳನೆಯ ಪ್ರಭಾವಲಯವನ್ನು ಪರೀಕ್ಷಿಸಿದರು. ಪ್ಲಾಸ್ಮಾ ಸ್ಥಿತಿಯಲ್ಲಿರುವ ಈ ವಲಯದ ಬಿಡಿ ಎಲೆಕ್ಟ್ರಾನುಗಳು ಸೂರ್ಯನ ಬೆಳಕನ್ನು ಚದುರಿಸುವುದರಿಂದಲೇ ಅದು ನಮಗೆ ಕಾಣುತ್ತದೆ.

ಇದೇ ಎಲೆಕ್ಟ್ರಾನುಗಳು ರೇಡಿಯೊ ಅಲೆಗಳಿಗೂ ಅಡ್ಡಿಯಾಗುತ್ತವೆ. ವ್ಯೋಮನೌಕೆಯ ದೂರವನ್ನು ಸಂಕೇತವು ಹೋಗಿಬರುವ ಕಾಲದಿಂದಲೂ, ವೇಗವನ್ನು ಅದರ ಆವರ್ತನದ ವ್ಯತ್ಯಾಸದಿಂದಲೂ ಗಣಿಸುವುದು ರೂಢಿ. ಪ್ಲಾಸ್ಮಾವನ್ನು ಹಾದುಬಂದ ಸಂಕೇತ ತಡವಾಗಿ ತಲುಪುವುದರಿಂದ ನೌಕೆ ಇರುವುದಕ್ಕಿಂತ ದೂರದಲ್ಲಿದೆಯೆಂದು ಲೆಕ್ಕ ಬರುತ್ತದೆ; ಪ್ಲಾಸ್ಮಾದ ಕ್ಷೋಭೆ ಇಲ್ಲದ ವೇಗವನ್ನು ತೋರಿಸುತ್ತದೆ. ಈ ತಡವು ಆವರ್ತನದ ವರ್ಗಕ್ಕೆ ವಿಲೋಮಾನುಪಾತದಲ್ಲಿರುವುದರಿಂದ, ಎರಡು ಆವರ್ತನಗಳ ಸಂಕೇತಗಳನ್ನು ಹೋಲಿಸಿ ದೋಷವನ್ನು ಕಳೆಯಬಹುದು. 1966ರಲ್ಲಿ ಅಮೆರಿಕದ ಮ್ಯಾರಿನರ್-4 ಸೂರ್ಯನ ಹಿಂಬದಿಗೆ ಸರಿದಾಗ ಅದರ ಸಂಕೇತ ಕದಡಿ ಹರಡಿಕೊಂಡುದು ದಾಖಲಾಯಿತು.

ಕರ್ನಾಟಕದಲ್ಲಿ ಈ ಪ್ರಶ್ನೆ ಪ್ರತ್ಯಕ್ಷವಾದುದು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ. ಚಂದ್ರಯಾನ-1ರ ಸಲುವಾಗಿ 2008ರಲ್ಲಿ ಅಲ್ಲಿ 32 ಮೀಟರ್ ವ್ಯಾಸದ ಆಂಟೆನಾ ಸ್ಥಾಪಿತವಾಯಿತು. 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆಯನ್ನು ಸೇರಿದ ಮಂಗಳಯಾನವು ಭೂಮಿಯೊಡನೆ ವ್ಯವಹರಿಸುತ್ತಿದ್ದುದು ಸುಮಾರು 2.3 ಗಿಗಾಹರ್ಟ್ಸಿನ ಎಸ್-ಪಟ್ಟಿಯೊಂದರಲ್ಲಿಯೇ. ಎರಡನೆಯ ಆವರ್ತನದ ಆಸರೆ ಅದಕ್ಕಿರಲಿಲ್ಲ. 2015ರ ಜೂನಿನಲ್ಲಿ ಮಂಗಳನು ಸೂರ್ಯನ ಆಚೆಗೆ, ನಮ್ಮಿಂದ ಸುಮಾರು 38 ಕೋಟಿ ಕಿಲೋಮೀಟರು ದೂರದಲ್ಲಿದ್ದಾಗ, ಸಂಪರ್ಕ ಕಡಿಯಿತು. ಕೆಟ್ಟುಹೋದ ಆಜ್ಞೆಯೊಂದು ನೌಕೆಗೇ ಅಪಾಯ ತರಬಹುದಾದುದರಿಂದ, ಅದು ಆ ದಿನಗಳನ್ನು ತನ್ನ ಗಣಕದ ಸ್ವಯಮಾಡಳಿತದಲ್ಲಿಯೇ ಕಳೆಯಬೇಕಾಯಿತು. ಬಳಿಕ ಸಂಪರ್ಕ ಮರಳಿತು.

ಆದರೆ ಮೇ-ಜೂನ್ ತಿಂಗಳುಗಳಲ್ಲಿ ಬಂದ ಕದಡಿದ ಸಂಕೇತಗಳು ವ್ಯರ್ಥವಾಗಲಿಲ್ಲ. ಅವುಗಳ ಏರಿಳಿತದಿಂದ ಪ್ರಭಾವಲಯದ ಕ್ಷೋಭೆಯನ್ನು ಅಳೆದ ಭಾರತೀಯ ವಿಜ್ಞಾನಿಗಳ ಪ್ರಬಂಧವು 2022ರಲ್ಲಿ ಪ್ರಕಟವಾಯಿತು. ಪಥನಿರ್ಣಯಕಾರನಿಗೆ ದೋಷವಾದುದು ಸೌರವಿಜ್ಞಾನಿಗೆ ಮಾಹಿತಿಯಾಯಿತು.

2024ರ ಜನವರಿ 6ರಂದು ನೆಲೆ ಸೇರಿದ ಆದಿತ್ಯ-ಎಲ್1 ನೌಕೆಯಲ್ಲಿ, ಅದೇ ಖಭೌತ ಸಂಸ್ಥೆ ನಿರ್ಮಿಸಿದ ಉಪಕರಣವು ಸೂರ್ಯಬಿಂಬವನ್ನು ಮರೆಮಾಡಿ ಪ್ರಭಾವಲಯವನ್ನು ನೋಡುತ್ತದೆ. ಕಾರವಾರದ ಕರಾವಳಿಗೆ ಕೆಲವೇ ನಿಮಿಷ ಒದಗಿದ ದರ್ಶನ ಹೀಗೆ ದೀರ್ಘವೀಕ್ಷಣೆಯಾಗಿದೆ. ದೂರದ ನೌಕೆಯನ್ನು ನಡೆಸಬೇಕಾದವನು ಆ ವಲಯವನ್ನು ಅರಿಯದೆ ನಡೆಸಲಾರನೆಂಬುದೇ ಈ ಇತಿಹಾಸದ ತಾತ್ಪರ್ಯ.