ಹಾರುವ ಕುದುರೆ, ಖಾಲಿ ಜೇಬು

ವರ್ಗವಾಗಿ ಸಿಕಂದರಾಬಾದಿಗೆ ಬಂದವನು ಇಲ್ಲೇ ಬೇರುಬಿಟ್ಟು ಇಪ್ಪತ್ತೆಂಟು ವರ್ಷವಾಯ್ತು. ಭಾನುವಾರ ಹಳೇ ಸಾಮಾನಿನ ಅಂಗಡಿ ಸುತ್ತೋದು ನನ್ನ ಚಾಳಿ. ಮೊನ್ನೆ ಒಂದು ಕಡೆ ಇಂಗ್ಲೆಂಡಿನ ಹಳೇ ರೇಸ್ ಚಿತ್ರವೊಂದರ ಅಚ್ಚುಪ್ರತಿ ಕಣ್ಣಿಗೆ ಬಿತ್ತು. ಕುದುರೆಗಳ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ, ನಾಲ್ಕೂ ಗಾಳಿಯಲ್ಲಿ... ಓಡುತ್ತಿವೆಯೋ ಹಾರುತ್ತಿವೆಯೋ!

ಹೆನ್ರಿ ಆಲ್ಕೆನ್ (1785–1851) ಮುಂತಾದವರ ಇಂಥ ಚಿತ್ರಗಳು ಅಕ್ವಾಟಿಂಟ್ ವಿಧಾನದಲ್ಲಿ ಅಚ್ಚಾಗುತ್ತಿದ್ದವು. ತಾಮ್ರದ ತಗಡಿಗೆ ರಾಳದ ಪುಡಿ ಉದುರಿಸಿ, ಬಿಸಿ ಮಾಡಿ ಅಂಟಿಸಿ, ಆಸಿಡ್‌ನಲ್ಲಿ ಅದ್ದುವುದು. ರಾಳವಿಲ್ಲದ ಕಡೆ ಆಸಿಡ್ ಕೊರೆದ ಗುಳಿಗಳಲ್ಲಿ ಶಾಯಿ ನಿಂತು ಕಾಗದಕ್ಕಿಳಿಯುತ್ತದೆ. ಆಮೇಲೆ ಕೈಯಿಂದ ಬಣ್ಣ. ಒಂದೇ ತಗಡಿನಿಂದ ಎಷ್ಟೋ ಪ್ರತಿ! ಹಾಗಾಗಿ ಕಲಾವಿದನ ತಪ್ಪು ಊರೆಲ್ಲರ ನಂಬಿಕೆಯಾಯಿತು.

ತಪ್ಪೇನು ಗೊತ್ತೇ? ಅಮೆರಿಕದಲ್ಲಿ ಮೈಬ್ರಿಜ್ ಎಂಬಾತ 1878ರಲ್ಲಿ ಓಡುವ ಕುದುರೆಯ ಹಾದಿಗುಂಟ ಸಾಲಾಗಿ ಕ್ಯಾಮೆರಾ ಇಟ್ಟು ಫೋಟೋ ತೆಗೆದ. ನಾಲ್ಕೂ ಕಾಲು ನೆಲ ಬಿಡುವುದೇನೋ ನಿಜ, ಆದರೆ ಆಗ ಅವು ಹೊಟ್ಟೆಯಡಿ ಮಡಚಿಕೊಂಡಿರುತ್ತವೆ!

ನಮ್ಮೂರ ರೇಸೂ ಆ ಕಾಲದ್ದೇ. 1868ರಲ್ಲಿ ಮೌಲಾಲಿಯಲ್ಲಿ ಶುರುವಾಗಿ, 1886ರಲ್ಲಿ ಆರನೇ ನಿಜಾಮ ಮಹಬೂಬ್ ಅಲಿ ಖಾನರಿಂದಾಗಿ ಮಲಕ್‌ಪೇಟೆಗೆ ಬಂತು.

ಕ್ಯಾಮೆರಾ ಕಾಲಿನ ತಪ್ಪನ್ನೇನೋ ತಿದ್ದಿತು. ಆದರೆ ಇಂಥ ಹೆಚ್ಚಿನ ಚಿತ್ರಗಳಲ್ಲಿ ಇನ್ನೊಂದು ಕೊರತೆಯಿದೆ. ಹಣ ಕಳಕೊಂಡವರು ಕಾಣುವುದೇ ಇಲ್ಲ. ಅದನ್ನು ತೋರಿಸಿದವನು ವಿಲಿಯಂ ಫ್ರಿತ್. 1858ರಲ್ಲಿ ಪ್ರದರ್ಶನಕ್ಕಿಟ್ಟ ಅವನ 'ಡರ್ಬಿ ಡೇ' ಚಿತ್ರವನ್ನು ಬ್ಲಾಂಷಾರ್ ಎಂಬಾತ ಕೆತ್ತಿದ, ಅದು ಅಚ್ಚಾಗಿ ಮನೆಗಳ ಗೋಡೆ ಸೇರಿತು. ಅದರಲ್ಲಿ ಕುದುರೆಗಳು ಎಲ್ಲೋ ಹಿಂದೆ, ಮುಂದೆಲ್ಲಾ ಜನ. ಮೋಸದ ಜೂಜಿಗೆ ಸಿಕ್ಕಿ ದುಡ್ಡು, ಗಡಿಯಾರ ಎಲ್ಲಾ ಕಳಕೊಂಡ ಯುವಕನೊಬ್ಬ ಖಾಲಿ ಜೇಬಿಗೆ ಕೈ ಇಳಿಬಿಟ್ಟು ನಿಂತಿದ್ದಾನೆ.

ಅವನನ್ನು ನೋಡಿದಾಗಲೆಲ್ಲ ನನಗೆ ಹಳೆಯ ಸಹೋದ್ಯೋಗಿಯೊಬ್ಬರ ನೆನಪು. ರೇಸಿನ ಚಟ. ಸೋಮವಾರ ಕೌಂಟರಿನಲ್ಲಿ ಅದೇ ಮುಖ. ಒಮ್ಮೆ ಹೆಂಡತಿಯ ಸರ ಅಡವಿಡಲು ಬಂದರು. ಕಾಗದಪತ್ರ ಸರಿಯಿತ್ತು, ಸಾಲ ಮಂಜೂರು ಮಾಡಿದೆ. "ಯಾಕ್ರೀ?" ಅಂತ ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ಆ ಸರ ಬಿಡಿಸಿಕೊಳ್ಳಲು ಅವರು ಬರಲೇ ಇಲ್ಲ.

ಅಂಗಡಿಯವನು ಬೆಲೆ ಇಳಿಸುತ್ತಲೇ ಇದ್ದ. ಹಾರುವ ಕುದುರೆಗಳನ್ನು ಅಲ್ಲೇ ಬಿಟ್ಟು ಬಂದೆ.