ಕವಂದಿಯ ಬಣ್ಣಗಳ ಲೆಕ್ಕ

ನಮ್ಮ ಮನೆಗಳಲ್ಲಿ ಅದಕ್ಕೆ ಗುದಡಿ ಎನ್ನುತ್ತಿದ್ದೆವು. ನೆರೆಮನೆಯವರು ಕೌದಿ ಎನ್ನುತ್ತಿದ್ದರು. ನಾನಿಯ ಸೀರೆ, ಅಬ್ಬಾ ಉಟ್ಟು ಬಿಟ್ಟ ಲುಂಗಿ, ಚಿಕ್ಕವರಿಗೆ ಗಿಡ್ಡವಾದ ಲಂಗ ಎಲ್ಲವೂ ಅದರಲ್ಲಿ ಸೇರಿ ಚಳಿಗಾಲಕ್ಕೆ ಮತ್ತೆ ನಮ್ಮ ಮೈಮೇಲೆ ಬರುತ್ತಿದ್ದವು. 'ಗುದಡಿ ಕಾ ಲಾಲ್' ಎಂಬ ಮಾತು ಉರ್ದುವಿನಲ್ಲಿದೆ. ಚಿಂದಿಯಲ್ಲಿ ಅಡಗಿದ ಮಾಣಿಕ್ಯ ಎಂದು ಅದರ ಅರ್ಥ. ಆದರೆ ಆ ಮಾತಿನಲ್ಲೂ ಬೆಲೆ ಮಾಣಿಕ್ಯಕ್ಕೇ ಹೊರತು ಗುದಡಿಗಲ್ಲ. ಅದನ್ನು ಹೊಲಿದವಳ ಬುದ್ಧಿಗೆ ಬೆಲೆ ಕಟ್ಟುವ ಗಾದೆಯೊಂದನ್ನು ನಾವು ಕಟ್ಟಲೇ ಇಲ್ಲ. ಸಿಕ್ಕಿದ ತುಂಡು ಸಿಕ್ಕಿದಲ್ಲಿ ಹಚ್ಚಿದ್ದಾಳೆ ಎಂದೇ ಭಾವಿಸಿದೆವು.

ಈ ಭಾವನೆ ಎಷ್ಟು ತಪ್ಪು ಎಂದು ತಿಳಿಯಲು ಉತ್ತರ ಕನ್ನಡದ ಸಿದ್ದಿಗಳ ಕಡೆ ನೋಡಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ನೆಲೆಸಿರುವ ಇವರ ಪೂರ್ವಿಕರು ಆಫ್ರಿಕಾ ಮೂಲದವರು. ಅವರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು.

ದಖ್ಖನ್ನಿನ ಚರಿತ್ರೆಗೆ ಆಫ್ರಿಕನ್ನರು ಹೊಸಬರಲ್ಲ. ಗುಲಾಮನಾಗಿ ಬಂದು ಅಹಮದ್‌ನಗರದ ಆಡಳಿತದ ಚುಕ್ಕಾಣಿ ಹಿಡಿದು 1626ರಲ್ಲಿ ತೀರಿಕೊಂಡ ಮಲಿಕ್ ಅಂಬರನನ್ನು ಪುಸ್ತಕಗಳು ಮರೆತಿಲ್ಲ. ಬಿಜಾಪುರದ ಆದಿಲ್‌ಶಾಹಿಗಳ ವಜೀರ ಇಖ್ಲಾಸ್ ಖಾನನ ಚಿತ್ರಗಳೂ ಉಳಿದಿವೆ. ಕಾಡಿಗೆ ಓಡಿದವರಿಗೆ ಚರಿತ್ರೆ ಬರೆಸಲು ದರಬಾರೂ ಇರಲಿಲ್ಲ, ಚಿತ್ರ ಬರೆಯಲು ಕಲಾವಿದನೂ ಇರಲಿಲ್ಲ. ಅವರ ಹೆಣ್ಣುಮಕ್ಕಳ ಕೈಯಲ್ಲಿ ಇದ್ದದ್ದು ಸೂಜಿ, ದಾರ ಮತ್ತು ಹರಿದ ಬಟ್ಟೆ.

ಸಿದ್ದಿ ಹೆಂಗಸರು ತಾವು ಹೊಲಿಯುವ ಕೌದಿಗೆ ಕವಂದಿ ಎನ್ನುತ್ತಾರೆ. ಅದನ್ನು ಹೊಲಿಯುವ ಕ್ರಮವೇ ಬಣ್ಣದ ಲೆಕ್ಕವನ್ನು ಬೇಡುತ್ತದೆ. ತಳಕ್ಕೆ ಹಳೆಯ ಸೀರೆ ಹಾಸಿ ಒಂದು ಮೂಲೆಯಿಂದ ತುಂಡು ಹಚ್ಚಲು ತೊಡಗುತ್ತಾರೆ. ತುಂಡಿನ ಅಂಚನ್ನು ಒಳಕ್ಕೆ ಮಡಚಿ ನೇರ ಹೊಲಿಗೆ ಹಾಕುತ್ತ, ಅಂಚಿನುದ್ದಕ್ಕೂ ಸುತ್ತು ಬರುತ್ತ, ಸುತ್ತಿನಿಂದ ಸುತ್ತಿಗೆ ಒಳಸರಿಯುತ್ತಾರೆ. ಕೊನೆಗೆ ತುಂಬುವುದು ನಡುಭಾಗ. ಕಾಗದದ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ.

ಇದರ ಕಷ್ಟವನ್ನು ಸ್ವಲ್ಪ ಯೋಚಿಸಿ ನೋಡಿ. ಚೆಂದದ ಕೆಂಪೆಲ್ಲ ಅಂಚಿಗೇ ಮುಗಿದರೆ ನಡುಭಾಗ ಬಡವಾಗುತ್ತದೆ. ನೀಲಿಯ ಪಕ್ಕ ನೀಲಿ ಇಟ್ಟರೆ ಎರಡೂ ಒಂದರಲ್ಲೊಂದು ಅಡಗುತ್ತವೆ. ಹಸಿರಿನ ಪಕ್ಕ ಕೆಂಪಿಟ್ಟರೆ ಎರಡೂ ಎದ್ದು ಕಾಣುತ್ತವೆ. ಒಂದೇ ಒಂದು ಬಿಳಿ ತುಂಡು ಇದ್ದರೆ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದನ್ನೇ ನಾಲ್ಕು ಮಾಡಿ ಹರಡಿದರೆ ಕಣ್ಣು ಕವಂದಿಯ ತುಂಬ ಓಡಾಡುತ್ತದೆ. ದೊಡ್ಡ ಹೂವಿನ ಸೀರೆಯ ತುಂಡಿಗೆ ಬದಿಯಲ್ಲಿ ಸಾದಾ ಬಟ್ಟೆಯ ವಿಶ್ರಾಂತಿ ಬೇಕು. ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು, ಗಂಟಿನಲ್ಲಿ ಇನ್ನೇನು ಉಳಿದಿದೆ ಎಂದು ನೆನೆಯುತ್ತ, ಮುಂದಿನ ತುಂಡನ್ನು ಎತ್ತಬೇಕು. ದೊಡ್ಡ ತುಂಡುಗಳ ಮೇಲೆ ಸಣ್ಣ ಬಣ್ಣದ ತುಂಡುಗಳನ್ನು ಕೂರಿಸಿ ಮಂಕಾದ ಜಾಗಕ್ಕೆ ಜೀವ ತರುವುದೂ ಉಂಟು. ಅಂಗಡಿಗೆ ಹೋಗಿ ಬೇಕಾದ ಬಣ್ಣ ಕೊಳ್ಳುವವರಿಗೆ ಈ ಲೆಕ್ಕ ಬೇಕಾಗುವುದಿಲ್ಲ. ಇದ್ದುದರಲ್ಲೇ ಚೆಲುವನ್ನು ಹುಡುಕುವವಳಿಗೆ ಅದು ಬೇಕೇ ಬೇಕು.

ಕವಂದಿಯ ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ಬಟ್ಟೆಯನ್ನು ಹೊಲಿಯುತ್ತಾರೆ. ಅದಕ್ಕೆ ಫುಲಾ, ಅಂದರೆ ಹೂವು ಎಂದು ಹೆಸರು. ಅದರಿಂದ ಬೆಚ್ಚಗಾಗುವುದೇನೂ ಇಲ್ಲ. ಆದರೂ ಅದಿಲ್ಲದ ಕವಂದಿ ಅವರ ಕಣ್ಣಿಗೆ ಬೋಳು, ಬೆತ್ತಲೆ. ಕ್ರೈಸ್ತ ಸಿದ್ದಿಗಳ ಕವಂದಿಯಲ್ಲಿ ಕೆಲವೊಮ್ಮೆ ಶಿಲುಬೆ ಮೂಡುತ್ತದೆ, ಮುಸ್ಲಿಮರದ್ದರಲ್ಲಿ ಅರ್ಧಚಂದ್ರ. ಹೊಲಿಗೆಯ ದಾರಿ ಮಾತ್ರ ಎಲ್ಲರದ್ದೂ ಒಂದೇ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳನ್ನು ಅಧ್ಯಯನ ಮಾಡಿದರು. 2004ರಲ್ಲಿ ಸಿದ್ದಿ ಮಹಿಳೆಯರ ಕವಂದಿ ಸಹಕಾರ ಸಂಘವೊಂದು ಹುಟ್ಟಿಕೊಂಡಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ನಮ್ಮ ಕಾಡಿನ ಚಾದರ ಅಲ್ಲಿಯ ಗೋಡೆಯ ಮೇಲೆ ತೂಗಿತು.

ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬಲ್ಲಿ ಗುಲಾಮರ ವಂಶದ ಕಪ್ಪು ಹೆಂಗಸರು ಹೊಲಿದ ಕೌದಿಗಳೂ 2002ರಿಂದ ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಹೆಸರು ಮಾಡಿದವು. ಎರಡನ್ನೂ ಪಕ್ಕದಲ್ಲಿಟ್ಟರೆ ಇಬ್ಬರಿಗೂ ಈ ಬಣ್ಣ ಆಫ್ರಿಕಾದಿಂದಲೇ ಬಂತು ಎನ್ನುವ ಆಸೆ ಹುಟ್ಟುತ್ತದೆ. ನಾವು ಅಷ್ಟು ಅವಸರ ಮಾಡಬಾರದು. ಹಳೆ ಬಟ್ಟೆ ಕೂಡಿಸಿ ಹೊಲಿಯುವ ರೂಢಿ ಬಿಜಾಪುರ, ಧಾರವಾಡದ ಕಡೆಯ ಮನೆಮನೆಯಲ್ಲೂ ಇದೆ. ಹಳೆಯ ಕವಂದಿಯನ್ನು ನೋಡಿ ತೀರ್ಮಾನಿಸೋಣವೆಂದರೆ ಅದು ಉಳಿಯುವ ವಸ್ತುವೇ ಅಲ್ಲ. ಹೊದ್ದು, ಹಾಸಿ, ಒಗೆದು, ಹರಿದು ಅದು ಸವೆದುಹೋಗುತ್ತದೆ. ಮಕ್ಕಳನ್ನು ಬೆಚ್ಚಗಿಟ್ಟದ್ದೇ ಅದು ಕಪಾಟಿನಲ್ಲಿ ಉಳಿಯದಿರಲು ಕಾರಣ. ಉಳಿದದ್ದು ತಾಯಿಯಿಂದ ಮಗಳಿಗೆ ದಾಟಿದ ಕೈವಾಡಿಕೆ.

ಆಳಿದವರ ಚರಿತ್ರೆಗೆ ಶಾಸನವಿದೆ, ದುಡಿದವರದ್ದಕ್ಕೆ ಇಂಥ ವಾಡಿಕೆಯೇ ದಾಖಲೆ. ಅದನ್ನು ಓದಲು ನಾವು ನ್ಯೂಯಾರ್ಕಿಗೆ ಹೋಗಬೇಕಿಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಗುದಡಿಯೊಂದು ಇನ್ನೂ ಇದ್ದರೆ ಕೆಳಗಿಳಿಸಿ ಬಿಸಿಲಿಗೆ ಹರವೋಣ. ಈ ಕೆಂಪು ಇಲ್ಲಿಗೇ ಏಕೆ ಬಂತು ಎಂದು, ಹೊಲಿದವರು ಬದುಕಿರುವಾಗಲೇ ಕೇಳೋಣ. ಅವರ ಹೆಸರನ್ನೂ ಬರೆದಿಡೋಣ.